ಬರೆಯಲು ದ್ವೀಪಕ್ಕೆ

ಬರೆಯುವುದಕ್ಕೆಂದೇ ಗುಂಪು ಕಟ್ಟಿಕೊಂಡು ಗೋವಾಕ್ಕೋ ಶ್ರೀಲಂಕಾಕ್ಕೋ ಬಾಲಿಗೋ ಹೋಗುವ ರೂಢಿ ಈಗ ಬೆಂಗಳೂರಿಗೂ ಬಂದಿದೆ. ಬೆಳಿಗ್ಗೆ ಬರವಣಿಗೆ, ಮಧ್ಯಾಹ್ನ ಸಮುದ್ರಸ್ನಾನ, ಸಂಜೆ ಬರೆದದ್ದರ ಓದು. ನಮ್ಮ ಅನ್ನಪೂರ್ಣೇಶ್ವರಿ ನಗರದ ಗೆಳತಿಯೊಬ್ಬರು ಹೀಗೆ ಅಂಡಮಾನಿನ ಹ್ಯಾವ್ಲಾಕ್‌ಗೆ ಹೋಗಿಬಂದರು. 2018ರಲ್ಲಿ ಅದಕ್ಕೆ ಸ್ವರಾಜ್ ದ್ವೀಪ ಎಂದು ಹೆಸರಿಟ್ಟಿದ್ದಾರೆ, ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರೇ. ಬ್ಯಾಂಕಿನಿಂದ ನಿವೃತ್ತರಾದ ಇವರು ಆಗಾಗ ಕಥೆ ಬರೆಯುತ್ತಾರೆ. ಏನು ಬರೆದಿರಿ ಎಂದು ಕೇಳಿದೆ. ‘ಎದುರಿಗೆ ಅಷ್ಟು ದೊಡ್ಡ ಸಮುದ್ರ ಇತ್ತು ಕಣ್ರೀ. ನಾನು ಬರೆದದ್ದು ನಮ್ಮತ್ತೆ ಬಗ್ಗೆ’ ಎಂದು ನಕ್ಕರು.

ಸಹಜವೇ. ದೂರ ಹೋದವರಿಗೆ ಬಿಟ್ಟುಬಂದ ಮನೆಯೇ ಕಣ್ಣಿಗೆ ಕಟ್ಟುತ್ತದೆ. ದ್ವೀಪವನ್ನೇ ಬರೆಯಬೇಕಾದರೆ ಅಲ್ಲಿ ಕೂತರೆ ಸಾಲದು, ಅಲೆಯಬೇಕು. ಪೂರ್ಣಚಂದ್ರ ತೇಜಸ್ವಿಯವರ ಅಂಡಮಾನ್ ಪುಸ್ತಕದ ಹೆಸರಿನಲ್ಲೇ ‘ಅಲೆಮಾರಿ’ ಇದ್ದಾನೆ. ಅಷ್ಟು ದೂರ ಯಾಕೆ, ನಮ್ಮ ಮಲ್ಪೆಯಿಂದಾಚೆಗೇ ಸೇಂಟ್ ಮೇರೀಸ್ ದ್ವೀಪ ಇದೆಯಲ್ಲ ಅನ್ನಬಹುದು. ಅಲ್ಲಿ ರಾತ್ರಿ ತಂಗುವಂತಿಲ್ಲ, ಮಳೆಗಾಲದಲ್ಲಿ ದೋಣಿಯೂ ಹೋಗುವುದಿಲ್ಲ. ಒಂದು ಪುಟ ಮುಗಿಯುವಷ್ಟರಲ್ಲಿ ದೋಣಿಯವರು ‘ಹೊರಡಿ’ ಅನ್ನುತ್ತಾರೆ.

ಗೆಳತಿಯನ್ನು ಇನ್ನಷ್ಟು ಮಾತಿಗೆಳೆದಾಗ ಸಮುದ್ರದ ಸುದ್ದಿ ಬೇಗ ಮುಗಿಯಿತು. ಮತ್ತೆ ಮತ್ತೆ ಬಂದದ್ದು ಬೇರೆ ಎರಡು ಸಂಗತಿ. ‘ಎದ್ದ ಕೂಡಲೇ ಇವತ್ತು ತಿಂಡಿ ಏನು ಮಾಡಲಿ ಅಂತ ಯೋಚಿಸಬೇಕಾಗಿರಲಿಲ್ಲ. ಮದುವೆಯಾದ ಮೇಲೆ ಇದೇ ಮೊದಲು.’ ಇದು ಒಂದು. ಇನ್ನೊಂದು, ಸಂಜೆ ಓದುವಾಗ ನಡೆದದ್ದು. ಗುರುತು ಪರಿಚಯವಿಲ್ಲದವರು ಸುತ್ತ ಕೂತು ಕಥೆಯನ್ನು ಪೂರ್ತಿ ಕೇಳಿದರಂತೆ. ಕೊನೆಗೆ ಒಬ್ಬ ಹುಡುಗ, ‘ಆಂಟಿ, ಕಥೆಯಲ್ಲಿ ಎಲ್ಲರೂ ಅತ್ತೆ ಬಗ್ಗೆ ಮಾತಾಡ್ತಾರೆ, ಅತ್ತೆ ಮಾತ್ರ ಒಂದು ಸಲಾನೂ ಬಾಯಿ ಬಿಡಲ್ಲವಲ್ಲ?’ ಅಂದನಂತೆ. ಅಂದು ರಾತ್ರಿಯೇ ಕಥೆಯನ್ನು ಮೊದಲಿನಿಂದ ಬರೆದರು. ನಲವತ್ತು ವರ್ಷ ಜೊತೆಗಿದ್ದ ಮನೆಯವರು ಕೇಳದ ಪ್ರಶ್ನೆ ಅದು. ಅವರು ಕಥೆ ಓದಿದ್ದರಲ್ಲವೇ ಕೇಳುವುದಕ್ಕೆ!

ಬರೆಯುವವರಿಗೆ ಬೇಕಾದದ್ದು ಇಷ್ಟೇ ಎಂದು ನನಗನ್ನಿಸುತ್ತದೆ: ಯಾರೂ ಕೂಗಿ ಕರೆಯದ ಕೆಲವು ಗಂಟೆ, ಕಿವಿಗೊಟ್ಟು ಕೇಳುವ ನಾಲ್ಕು ಜನ. ಕನ್ನಡಕ್ಕೆ ಇದು ಹೊಸದೂ ಅಲ್ಲ. 1920ರ ದಶಕದ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಕೂಡಿಕೊಂಡಿತು. ಶಂಬಾ ಜೋಶಿ, ಗೋಕಾಕ್, ಮುಗಳಿ, ಬೆಟಗೇರಿ ಕೃಷ್ಣಶರ್ಮ ಅದರಲ್ಲಿ ಬೆಳೆದವರು. ಹೊಸ ಕವಿತೆ ಅಚ್ಚಿಗೆ ಹೋಗುವ ಮೊದಲು ಗೆಳೆಯರ ಕಿವಿಗೆ ಬೀಳುತ್ತಿದ್ದ ಕಾಲ ಅದು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ನಡೆಸಿಕೊಂಡು ಬಂದ ಸಂಸ್ಕೃತಿ ಶಿಬಿರ ಬರವಣಿಗೆಯದ್ದಲ್ಲ, ಕೇಳುವ, ವಾದಿಸುವ, ನಾಟಕ ನೋಡುವ ಶಿಬಿರ. ಆದರೂ ಅಡಿಕೆ ತೋಟಗಳ ನಡುವಿನ ಆ ಹಳ್ಳಿಯಿಂದ ಮರಳಿ ಲೇಖನಿ ಹಿಡಿದವರು ಎಷ್ಟೋ ಮಂದಿ. ಕರ್ನಾಟಕ ಸಾಹಿತ್ಯ ಅಕಾಡೆಮಿಯೂ ಕಾವ್ಯ ಕಮ್ಮಟ, ಕಥಾ ಕಮ್ಮಟಗಳನ್ನು ನಡೆಸಿದೆ. ಅಲ್ಲೆಲ್ಲ ಊಟ ಮತ್ತೊಬ್ಬರ ಕೈಯದ್ದು, ಮಾತು ಎಲ್ಲರದ್ದು.

ಒಂದು ಮಾತು ಇಲ್ಲಿ ಹೇಳಲೇಬೇಕು. ಧಾರವಾಡದ ಆ ಗುಂಪಿನಲ್ಲಿ ನಾವು ನೆನೆಯುವ ಹೆಸರುಗಳೆಲ್ಲ ಗಂಡಸರವೇ. ಅವರು ಕವಿತೆ ಓದುತ್ತಾ ಕೂತಾಗ ಚಹಾ ಕಾಸಿದ ಕೈ ಯಾರದು ಎಂದು ಸಾಹಿತ್ಯ ಚರಿತ್ರೆ ಬರೆದವರು ಕೇಳಿದ್ದು ಕಡಿಮೆ. ಹೆಣ್ಣುಮಕ್ಕಳು ದ್ವೀಪವೂ ಇಲ್ಲದೆ, ಗುಂಪೂ ಇಲ್ಲದೆ ಬರೆದರು. 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಬರೆಯತೊಡಗಿದ್ದು ನಲವತ್ತು ದಾಟಿದ ಮೇಲೆ. ‘ತುಂಗಭದ್ರ’ ಬಂದದ್ದು 1963ರಲ್ಲಿ, ‘ಫಣಿಯಮ್ಮ’ ಇನ್ನೂ ತಡವಾಗಿ. 2025ರಲ್ಲಿ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಹಾಸನದಲ್ಲಿ ಮನೆ, ವಕೀಲಿಕೆ, ಹೋರಾಟ ಎಲ್ಲದರ ನಡುವೆ ಕಥೆ ಬರೆದವರು. ಇವರನ್ನು ತೋರಿಸಿ ‘ನೋಡಿ, ಮನಸ್ಸಿದ್ದರೆ ಎಲ್ಲಾದರೂ ಬರೆಯಬಹುದು’ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇವರು ಬರೆದರು ಎಂಬುದು ಅವರ ಹಟಕ್ಕೆ ಸಾಕ್ಷಿ. ಬರೆಯಲಾಗದೆ ಹೋದವರ ಲೆಕ್ಕ ಯಾರ ಬಳಿಯೂ ಇಲ್ಲ.

ನಮ್ಮ ಬಡಾವಣೆಯ ಬೆಳಗು ಹೇಗಿರುತ್ತದೆಂದು ಇಲ್ಲಿನವರಿಗೆ ಗೊತ್ತು. ಕಸದ ಆಟೊ ಹಾಡು, ಸೊಪ್ಪಿನವರ ಕೂಗು, ನೀರಿನ ಟ್ಯಾಂಕರ್, ಪಕ್ಕದ ಸೈಟಿನಲ್ಲಿ ಕಬ್ಬಿಣ ಕತ್ತರಿಸುವ ಸದ್ದು. ಸದ್ದಿಗೆ ಒಗ್ಗಿಕೊಳ್ಳಬಹುದು, ಬಿಡಿ. ‘ಅಮ್ಮಾ, ನನ್ನ ಸಾಕ್ಸ್ ಎಲ್ಲಿ?’ ಎಂಬ ಕೂಗಿಗೆ ಒಗ್ಗಿಕೊಂಡು ವಾಕ್ಯ ಮುಗಿಸುವುದು ಕಷ್ಟ. ದ್ವೀಪಕ್ಕೆ ಹೋಗುವ ದುಡ್ಡು ಎಲ್ಲರಲ್ಲಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಇಲ್ಲಿಂದ ಆಟೊದಲ್ಲಿ ಕೆಲವೇ ನಿಮಿಷ ಹೋದರೆ ಮಲ್ಲತ್ತಹಳ್ಳಿಯ ಕಲಾಗ್ರಾಮ. ಬೆನ್ನಿಗೇ ಜ್ಞಾನಭಾರತಿಯ ಮರಗಿಡ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಇರುವುದು ಈ ಕಲಾಗ್ರಾಮದಲ್ಲೇ; ನಾಟಕ, ಸಮಾರಂಭಗಳಿಗೆ ಸಭಾಂಗಣವೂ ಇದೆ. ಜಿ.ಎಸ್. ಶಿವರುದ್ರಪ್ಪ (2013), ಯು.ಆರ್. ಅನಂತಮೂರ್ತಿ (2014), ಸಿದ್ದಲಿಂಗಯ್ಯ (2021) ಮೂವರ ಅಂತ್ಯಕ್ರಿಯೆ ನಡೆದದ್ದೂ ಇದೇ ಆವರಣದಲ್ಲಿ, ಸರ್ಕಾರಿ ಗೌರವದೊಂದಿಗೆ.

ತೀರಿಕೊಂಡ ಲೇಖಕರಿಗೆ ಇಷ್ಟು ಗೌರವದಿಂದ ಜಾಗ ಕೊಟ್ಟ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಬರೆಯುತ್ತಿರುವವರಿಗೆ ಭಾನುವಾರ ಬೆಳಿಗ್ಗೆ ಒಂದು ಕೋಣೆ ಬಿಟ್ಟುಕೊಡಬಾರದೇಕೆ? ಉದ್ಘಾಟನೆ, ಹಾರ ತುರಾಯಿ ಬೇಡ. ಕೆಲವು ಮೇಜು, ಕುಡಿಯುವ ನೀರು, ಮೊಬೈಲ್ ಇಡಲು ಒಂದು ಪೆಟ್ಟಿಗೆ ಸಾಕು. ಎರಡು ಗಂಟೆ ಬರೆಯಲಿ, ಒಂದು ಗಂಟೆ ಓದಿ ಹೇಳಲಿ. ಇಲಾಖೆಯ ಆದೇಶ ಬರುವವರೆಗೆ ಕಾಯುವುದೂ ಬೇಡ. ನಾಲ್ಕು ಮನೆಯವರು ಒಪ್ಪಿದರೆ ಅಪಾರ್ಟ್‌ಮೆಂಟಿನ ಹಾಲ್ ಆದೀತು. ನಿಮ್ಮ ಮನೆಯಲ್ಲಿ ಬರೆಯುವ ಹೆಣ್ಣುಮಗಳೊಬ್ಬಳಿದ್ದರೆ ಈ ಭಾನುವಾರ ಅವಳನ್ನು ಕಳಿಸಿಕೊಡಿ, ತಿಂಡಿ ನೀವು ಮಾಡಿ. ಉಪ್ಪಿಟ್ಟಾದರೂ ಸಾಕು.