ಮುಖದ ಗೆರೆಗಳೂ ಮನದ ನಿಯ್ಯತ್ತೂ

ಕನ್ನಡಿಯಲ್ಲಿ ಕಂಡ ಸುಕ್ಕೊಂದು ನಿಮ್ಮ ನೆಮ್ಮದಿ ಕೆಡಿಸಿದೆಯೇ? ವಯಸ್ಸಾಗುವುದು ಒಂದು ರೋಗವೇ? ಹೌದು ಎನ್ನುತ್ತದೆ ಇಂದಿನ ಸೌಂದರ್ಯದ ಮಾರುಕಟ್ಟೆ. ಅದಕ್ಕೆಂದೇ ಚುಚ್ಚುಮದ್ದನ್ನೂ ಮುಂದಿಡುತ್ತದೆ.

ಫಿಲ್ಲರ್ ಎಂಬ ಈ ಮದ್ದುಗಳಲ್ಲಿ ಹಲವು ಬಗೆಗಳಿವೆ. ಹಯಾಲುರಾನಿಕ್ ಆಮ್ಲದ ಜೆಲ್ ಗುಳಿಬಿದ್ದ ಜಾಗವನ್ನು ಕೂಡಲೇ ತುಂಬುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಮತ್ತು ಪಾಲಿ ಲ್ಯಾಕ್ಟಿಕ್ ಆಮ್ಲ ಚರ್ಮದಡಿ ಹೊಸ ಕೊಲಾಜೆನ್ ಬೆಳೆಯುವಂತೆ ಮಾಡುತ್ತವೆ. ಒಂದೇ ಮದ್ದು ಸಾಲದೆಂದು ಈಗ ಇವನ್ನು ಜೊತೆಗೂಡಿಸಿ, ಮುಖದ ಬೇರೆ ಬೇರೆ ಭಾಗಗಳಿಗೆ, ಬೇರೆ ಬೇರೆ ಆಳದಲ್ಲಿ ಚುಚ್ಚುತ್ತಾರೆ. ಇವುಗಳ ಪರಿಣಾಮ ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ. ಆಮೇಲೆ ಮತ್ತೆ ಸೂಜಿ, ಮತ್ತೆ ಹಣ. ಮದ್ದು ರಕ್ತನಾಳಕ್ಕೆ ಹೊಕ್ಕರೆ ಚರ್ಮ ಸಾಯಬಹುದು, ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು. ಹಯಾಲುರಾನಿಕ್ ಜೆಲ್ಲನ್ನು ಕರಗಿಸುವ ಕಿಣ್ವವಿದೆ. ಉಳಿದೆರಡನ್ನು ಹಾಗೆ ಕರಗಿಸಲಾಗದು.

ಹಾಗಾದರೆ ಇದೆಲ್ಲವೂ ನಿಷಿದ್ಧವೇ? ಅವಸರದ ತೀರ್ಪು ಬೇಡ. ಅರ್ಫಜ(ರ) ಎಂಬ ಸಹಾಬಿ ಅಜ್ಞಾನಕಾಲದ ಕುಲಾಬ್ ಕಾಳಗದಲ್ಲಿ ಮೂಗು ಕಳೆದುಕೊಂಡಿದ್ದರು. ಅವರು ಹಾಕಿಸಿಕೊಂಡ ಬೆಳ್ಳಿಯ ಮೂಗು ದುರ್ನಾತ ಬೀರತೊಡಗಿದಾಗ ಪ್ರವಾದಿ(ಸ) ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರೆಂದು ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಪುರುಷರಿಗೆ ನಿಷಿದ್ಧವಾದ ಚಿನ್ನಕ್ಕೂ ಇಲ್ಲಿ ಅನುಮತಿ ಸಿಕ್ಕಿತು. ಕಳೆದುಹೋದುದನ್ನು ಸರಿಪಡಿಸುವುದು ಚಿಕಿತ್ಸೆ. ಆದರೆ ಕೇವಲ ಚೆಲುವಿಗಾಗಿ ಹಲ್ಲುಗಳ ನಡುವೆ ಸಂದು ಮಾಡಿಸಿ ಅಲ್ಲಾಹನ ಸೃಷ್ಟಿಯನ್ನು ಬದಲಿಸುವವರನ್ನು ಬುಖಾರಿ ಮತ್ತು ಮುಸ್ಲಿಮ್‌ನ ಹದೀಸ್ ಕಟುವಾಗಿ ಖಂಡಿಸುತ್ತದೆ.

ಪಾಲಿ ಲ್ಯಾಕ್ಟಿಕ್ ಆಮ್ಲದ ಫಿಲ್ಲರಿಗೆ ಅಮೆರಿಕದಲ್ಲಿ 2004ರಲ್ಲಿ ಮೊದಲು ಅನುಮತಿ ದೊರೆತದ್ದು ಎಚ್‌ಐವಿ ರೋಗಿಗಳ ಬತ್ತಿದ ಕೆನ್ನೆಗಳಿಗಾಗಿ. ತಮ್ಮ ರೋಗವನ್ನು ಮುಖವೇ ಸಾರುತ್ತಿದ್ದ ಆ ಜನರಿಗೆ ಅದೊಂದು ಆಸರೆ. 2009ರಲ್ಲಿ ಅದೇ ಮದ್ದಿಗೆ ಆರೋಗ್ಯವಂತರ ಸುಕ್ಕು ತುಂಬಲೂ ಅನುಮತಿ ಸಿಕ್ಕಿತು. ಮದ್ದು ಒಂದೇ, ನಿಯ್ಯತ್ತು ಎರಡು.

ಕರಗಿಹೋಗುವ ಫಿಲ್ಲರಿನ ಬಗ್ಗೆ ಇಂದಿನ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ವಿಧಿಯನ್ನು ಅವರಲ್ಲಿ ಕೇಳಿ ತಿಳಿಯಿರಿ. ಆದರೆ ಒಂದು ಪ್ರಶ್ನೆಗೆ ನೀವೇ ಉತ್ತರಿಸಬೇಕು: ನಾನು ಗಾಯವನ್ನು ಸರಿಪಡಿಸುತ್ತಿದ್ದೇನೆಯೇ, ಆಯುಷ್ಯವನ್ನು ಅಡಗಿಸುತ್ತಿದ್ದೇನೆಯೇ?

ಸಹೋದರರೇ, ಈ ಪ್ರಶ್ನೆ ಸಹೋದರಿಯರಿಗೆ ಮಾತ್ರವೆಂದು ಭಾವಿಸಬೇಡಿ. ಹೆಣ್ಣು ತನ್ನ ಸುಕ್ಕಿಗೆ ಅಂಜುವುದು ಏಕೆ? ನೀವು ಹಾಸ್ಯವೆಂದುಕೊಂಡು ಆಡಿದ ಒಂದು ಮಾತು, ಇತರರ ಪತ್ನಿಯರೊಂದಿಗೆ ಮಾಡಿದ ಒಂದು ಹೋಲಿಕೆ ಆಕೆಯನ್ನು ಸೂಜಿಯ ಮುಂದೆ ಕೂರಿಸಬಹುದು. ನಿಮ್ಮ ಮಕ್ಕಳ ಜ್ವರಕ್ಕೆ ನಿದ್ದೆಗೆಟ್ಟ ಕಣ್ಣುಗಳವು. ಅವುಗಳ ಸುತ್ತ ಮೂಡಿದ ಗೆರೆಗಳಿಗೆ ನೀವು ಋಣಿಗಳು. ಪತ್ನಿಯೊಂದಿಗೆ ಉತ್ತಮವಾಗಿ ವರ್ತಿಸುವವನೇ ಉತ್ತಮನೆಂಬ ಪ್ರವಾದಿ(ಸ)ರ ಬೋಧನೆ ವಿವಾಹದ ಮೊದಲ ವರ್ಷಕ್ಕಷ್ಟೇ ಸೀಮಿತವೇ?

ಇಸ್ಲಾಮ್ ಸೌಂದರ್ಯವನ್ನು ದ್ವೇಷಿಸುವುದಿಲ್ಲ. ಶುಚಿಯಾಗಿರಿ, ಸುರ್ಮಾ ಹಚ್ಚಿರಿ, ಒಳ್ಳೆಯ ಬಟ್ಟೆ ತೊಡಿರಿ. ಆದರೆ ಬಲಹೀನತೆಯಿಂದ ಬಲದೆಡೆಗೆ, ಬಲದಿಂದ ಮತ್ತೆ ಬಲಹೀನತೆ ಮತ್ತು ನರೆಯೆಡೆಗೆ ಸಾಗುವ ನಮ್ಮ ಪಯಣವನ್ನು ಅರ್‌ರೂಮ್ ಅಧ್ಯಾಯ ನೆನಪಿಸುತ್ತದೆ. ಸುಕ್ಕು ಆ ಪಯಣದ ಮೈಲಿಗಲ್ಲು. ಅದನ್ನು ಮುಚ್ಚಿದರೆ ದಾರಿ ಕಿರಿದಾಗದು, ತಲುಪುವ ತಾಣವೂ ಬದಲಾಗದು. ಅಲ್ಲಿ ಒಯ್ಯಲು ನಾವೇನು ಸಿದ್ಧಪಡಿಸಿದ್ದೇವೆ ಎಂಬುದೇ ಕನ್ನಡಿ ಪ್ರತಿ ಮುಂಜಾನೆ ಕೇಳುವ ಪ್ರಶ್ನೆ. ಅದಕ್ಕೆ ಉತ್ತಮ ಉತ್ತರ ನೀಡುವ ತೌಫೀಕನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.