ಯಾವ ಊರವರು ಎಂಬ ಪ್ರಶ್ನೆ



ನಮ್ಮ ಭಾಗದಲ್ಲಿ ಹೊಸಬರು ಕಂಡರೆ ಮೊದಲು ಕೇಳುವ ಮಾತು ‘ಯಾವೂರ್ರೀ?’ ಎಂಬುದು. ಇದರಲ್ಲಿ ತಪ್ಪೇನೂ ಇಲ್ಲ. ಆ ಊರಲ್ಲಿ ನಮ್ಮ ಬೀಗರೋ, ವ್ಯಾಪಾರದ ಪರಿಚಯದವರೋ ಇದ್ದಾರು, ಮಾತು ಬೆಳೆದೀತು ಎಂಬ ಆಸೆ ಅದು. ಆದರೆ ಇದೇ ಪ್ರಶ್ನೆ ಒಮ್ಮೊಮ್ಮೆ ಎದುರಿನವರನ್ನು ಅಂಗಳದ ಆಚೆಗೇ ನಿಲ್ಲಿಸುತ್ತದೆ. ಇದನ್ನು ನಾವು ಅರಿತದ್ದು ಯಲ್ಲಾಪುರದ ಬಸ್ ನಿಲ್ದಾಣದಲ್ಲಿ.

ಮಠದ ಕೆಲಸಕ್ಕೆ ಹೋಗಿ ಮರಳುತ್ತಿದ್ದೆವು. ಗುಂಗುರು ಕೂದಲಿನ, ಕಪ್ಪು ಮೈಬಣ್ಣದ ಹಿರಿಯರೊಬ್ಬರು ಪಕ್ಕದಲ್ಲಿ ಬಂದು ಕುಳಿತರು. ಆಫ್ರಿಕಾದವರೆಂದು ತಿಳಿದು, ‘ನಿಮ್ಮ ದೇಶ ಯಾವುದು?’ ಎಂದು ಹಿಂದಿಯಲ್ಲಿ ಕೇಳಿದೆವು. ಅವರು ನಕ್ಕು ಕನ್ನಡದಲ್ಲಿ, ‘ನಾನು ಇದೇ ತಾಲೂಕಿನವ. ತಮ್ಮದು ಯಾವೂರು?’ ಎಂದರು. ಜತ್ತ ಎಂದು ಕನ್ನಡದಲ್ಲೇ ಹೇಳಿದೆವು. ‘ಹಾಗಾದರೆ ಮಹಾರಾಷ್ಟ್ರದವರು. ಆದರೂ ಕನ್ನಡ ಚೆನ್ನಾಗಿ ಮಾತಾಡ್ತೀರಿ’ ಎಂದರು!

ತಲೆತಲಾಂತರದಿಂದ ಕನ್ನಡ ಆಡುವ ನಮಗೆ ಈ ಮಾತು ಚುಚ್ಚಿತು. ಮರುಗಳಿಗೆಯಲ್ಲೇ, ನಾವು ಅವರಿಗೆ ಚುಚ್ಚಿದ್ದು ಇನ್ನೂ ಆಳಕ್ಕೆ ಎಂಬುದು ಹೊಳೆಯಿತು.

ಆ ಹಿರಿಯರು ಸಿದ್ದಿ ಸಮಾಜದವರು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು, ಮುಂದಿನ ಶತಮಾನಗಳಲ್ಲಿ ಮೊಜಾಂಬಿಕ್ ಮೊದಲಾದ ಕಡೆಗಳಿಂದ ಮನುಷ್ಯರನ್ನು ಹಡಗಿನಲ್ಲಿ ತುಂಬಿ ತಂದು ಗುಲಾಮರನ್ನಾಗಿ ಮಾರಿದರು. ಮೊಜಾಂಬಿಕ್ ಎಂದರೆ ಇಂದು ಹಣವಂತರು ಆನೆ, ಸಿಂಹ ನೋಡಲು ಹೋಗುವ ದಕ್ಷಿಣ ಆಫ್ರಿಕಾ ಭಾಗದ ದೇಶ. ಲೆಕ್ಕಪತ್ರ ಬರೆಯುವುದು ನಮ್ಮ ಕಾಯಕ. ಜೋಳದ ಚೀಲದಂತೆ ಮನುಷ್ಯನನ್ನೂ ಸರಕಿನ ಖಾತೆಗೆ ಹಾಕಿದ ಕೈಗಳು ಇದ್ದವಲ್ಲ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ಹೀಗೆ ಬಂದವರಲ್ಲಿ ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡು ಸೇರಿದರು. ಅವರ ಸಂತತಿಯೇ ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳಲ್ಲಿದೆ. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಕೊಂಕಣಿ, ಕನ್ನಡ ಅವರ ನಿತ್ಯದ ನುಡಿ. ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಅವರ ಹೆಂಗಸರು ಕವಂದಿ ಹೊಲಿಯುತ್ತಾರೆ. ಅದನ್ನು ಕಂಡರೆ ನಮ್ಮ ಅವ್ವಂದಿರು ಹೊಲಿದ ಕೌದಿಯೇ ನೆನಪಾಗುತ್ತದೆ.

ಇನ್ನೊಂದು ಮಾತನ್ನೂ ವಿಚಾರಿಸಬೇಕು. ಆಫ್ರಿಕಾದಿಂದ ಬಂದವರು ನಮ್ಮ ಸೀಮೆಗೆ ಹೊಸಬರಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾದ ಮಲಿಕ್ ಅಂಬರ್ ಅಹಮದನಗರದ ನಿಜಾಮಶಾಹಿಯ ಪ್ರಧಾನಿಯಾದ. 1610ರಲ್ಲಿ ಖಡ್ಕಿ ನಗರವನ್ನು ಕಟ್ಟಿ, ನೆಲದೊಳಗಿನ ಕಾಲುವೆಯಿಂದ ಅದಕ್ಕೆ ನೀರು ತಂದ. ಆತ ಮಾಡಿದ ಕಂದಾಯದ ಕ್ರಮವನ್ನು ಇತಿಹಾಸಕಾರರು ಇಂದಿಗೂ ಹೊಗಳುತ್ತಾರೆ. ನಮ್ಮ ನೆರೆಯ ವಿಜಾಪುರದಲ್ಲಿ ಮಹಮ್ಮದ್ ಆದಿಲ್‌ಶಾಹನ ದರಬಾರಿನ ಪ್ರಬಲ ಸರದಾರ ಇಖ್ಲಾಸ್ ಖಾನನೂ ಹಬಶಿಯೇ. ಇವರ ಮುಂದೆ ನಿಂತು, ‘ನೀ ಯಾವ ದೇಶದವ, ಇಲ್ಲೇಕೆ ಬಂದೆ?’ ಎಂದು ಕೇಳುವ ಧೈರ್ಯ ಯಾವ ರೈತನಿಗೆ, ಯಾವ ಸಾಹುಕಾರನಿಗೆ ಇದ್ದೀತು? ಆದರೆ ಕಾಡಿನಂಚಿನಲ್ಲಿ ಕೂಲಿ ಮಾಡುವ ಸಿದ್ದಿಯನ್ನು ಎಲ್ಲರೂ ಕೇಳುತ್ತಾರೆ. ಹಾಗಾದರೆ ನಾವು ಅಳೆಯುವುದು ಮೂಲವನ್ನೋ, ಬಲವನ್ನೋ? ಕುದುರೆ ಏರಿದವನ ಬಣ್ಣ ಕಾಣದ ಕಣ್ಣಿಗೆ ಬುಟ್ಟಿ ಹೊತ್ತವನ ಬಣ್ಣ ಮಾತ್ರ ಕಂಡರೆ, ದೋಷ ಬಣ್ಣದ್ದಲ್ಲ, ಕಣ್ಣಿನದು.

ಕಾಲ ಸ್ವಲ್ಪ ಬದಲಾಗಿದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ಕರ್ನಾಟಕದ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆದರೆ ಬಸ್ ನಿಲ್ದಾಣದಲ್ಲಿ ಕೇಳುವ ಪ್ರಶ್ನೆಯನ್ನು ಯಾವ ಸರಕಾರದ ಆದೇಶವೂ ತಿದ್ದಲಾರದು. ಅದನ್ನು ನಾವೇ ತಿದ್ದಿಕೊಳ್ಳಬೇಕು.

ಗಡಿಯಲ್ಲಿರುವ ನಮಗೆ ಇದು ಬೇಗ ತಿಳಿಯಬೇಕು. ಸಾಂಗಲಿಗೆ ಹೋದರೆ ನಾವು ಕಾನಡಿಗಳು, ವಿಜಾಪುರಕ್ಕೆ ಹೋದರೆ ಮಹಾರಾಷ್ಟ್ರದವರು. ಕಬ್ಬು ಕಡಿಯಲು ಗುಳೆ ಹೋಗುವ ನಮ್ಮ ಬಡ ಕುಟುಂಬಗಳಿಗೆ ಈ ನೋವು ಇನ್ನೂ ಹೆಚ್ಚು. ಆದರೆ ನೋವು ಉಂಡವರೆಲ್ಲ ಕನಿಕರ ಕಲಿಯುತ್ತಾರೆ ಎಂಬುದು ಸುಳ್ಳು. ನಾವೇ ಕಲಿತಿರಲಿಲ್ಲ.

ಹನ್ನೆರಡನೆಯ ಶತಮಾನದ ಶರಣರು ಕುಲ ಕೇಳದೆ ಮನುಷ್ಯನನ್ನು ತಮ್ಮವನೆಂದರು. ಆ ಮಾತನ್ನು ಜಾತ್ರೆಯ ವೇದಿಕೆಯಲ್ಲಿ ಹೇಳುವುದು ಸುಲಭ, ಅಪರಿಚಿತ ಮುಖದ ಮುಂದೆ ನಡೆಸುವುದು ಕಷ್ಟ. ಊರು ಕೇಳಬಾರದೆಂದಲ್ಲ. ಕೇಳಿದ ಮೇಲೆ ಬಂದ ಉತ್ತರವನ್ನು ನಂಬಬೇಕು. ‘ಅದಲ್ಲ, ನಿಮ್ಮ ಮೂಲ ಯಾವುದು?’ ಎಂದು ಮತ್ತೆ ಅಗೆಯಬಾರದು. ದಾಸೋಹದ ಪಂಕ್ತಿಗೆ ಯಾರೇ ಬಂದು ಕೂಡಲಿ, ಮೊದಲು ಎಲೆ ಹಾಕೋಣ. ಊರಿನ ಮಾತು ಊಟದ ನಂತರ ತಾನಾಗಿ ಬರುತ್ತದೆ.