ಬ್ರಿಜ್ ಆಟದ ಯಂತ್ರವೂ ವಾಕ್ಶುದ್ಧಿಯೂ

ಇಸ್ಪೀಟಿನ ಮಾತೆತ್ತಿದೊಡನೆ, ಧರ್ಮವಿಚಾರಕ್ಕೂ ಇದಕ್ಕೂ ಏನು ಸಂಬಂಧವೆಂದು ಹುಬ್ಬು ಗಂಟಿಕ್ಕುವ ವಾಚಕರುಂಟು. ಆದರೆ ಬ್ರಿಜ್ ಎಂಬ ಆಟದಲ್ಲಿ ಎಲೆ ಇಳಿಸುವುದಕ್ಕೆ ಮೊದಲು ನಡೆಯುವ ಕೂಗಾಟವು ವಾಸ್ತವವಾಗಿ ಒಂದು ಭಾಷೆಯೇ ಆಗಿದೆ. ಅದರ ಶಬ್ದಸಂಪತ್ತೆಲ್ಲ ಸೇರಿ 38 ಕೂಗುಗಳು ಮಾತ್ರ. ಇಷ್ಟರಿಂದಲೇ ತನ್ನ ಕೈಯ 13 ಎಲೆಗಳ ಸ್ವರೂಪವನ್ನು ಎದುರಿಗೆ ಕುಳಿತ ಜೊತೆಗಾರನಿಗೆ ತಿಳಿಸಬೇಕು. ಹೇಳಿದ್ದನ್ನೆಲ್ಲ ಪ್ರತಿಪಕ್ಷದವರಿಬ್ಬರೂ ಕಿವಿಗೊಟ್ಟು ಕೇಳುತ್ತಿರುತ್ತಾರೆ.

ಹದಿಮೂರು ಸುತ್ತುಗಳಲ್ಲಿ ಹನ್ನೆರಡನ್ನು ಗೆಲ್ಲುವೆವೆಂದು ಪಣ ತೊಡುವುದು ಕಿರಿಯ ಸ್ಲ್ಯಾಮ್. ಹದಿಮೂರನ್ನೂ ಗೆಲ್ಲುವೆವೆಂಬುದು ಹಿರಿಯ ಸ್ಲ್ಯಾಮ್. ಎದುರಾಳಿಗಳು ಆರಂಭದಲ್ಲಿಯೇ ಎರಡು ಎಕ್ಕಗಳನ್ನು ಇಳಿಸಿ ಎರಡು ಸುತ್ತುಗಳನ್ನು ಸೆಳೆದುಕೊಂಡರೆ ಕಿರಿಯ ಪಣವೂ ಮುರಿಯಿತು. ಬ್ಲ್ಯಾಕ್‌ವುಡ್ ಎಂಬಾತನು 1933ರಲ್ಲಿ ರೂಪಿಸಿದ ಪ್ರಶ್ನೆಯು ಜೊತೆಗಾರನಲ್ಲಿ ಎಕ್ಕಗಳೆಷ್ಟೆಂಬುದನ್ನು ಕೇಳುತ್ತದೆ. ಅವು ಯಾವ ರಂಗಿನವೆಂಬುದನ್ನು ಕೇಳುವುದಿಲ್ಲ. ಆ ಕೊರತೆಯನ್ನು ತುಂಬುವುದು ಕ್ಯೂ ಬಿಡ್. ಇಸ್ಪೀಟ್ ರಂಗೇ ತುರುಫೆಂದು ಇಬ್ಬರಲ್ಲಿಯೂ ನಿಶ್ಚಯವಾದ ಮೇಲೆ ಒಬ್ಬನು ‘ನಾಲ್ಕು ಕಳಾವರ್’ ಎಂದನೆನ್ನಿ. ಕಳಾವರ್ ತುರುಫಾಗಲೆಂಬುದು ಅವನ ಆಶಯವಲ್ಲ. ಮುಖ್ಯಾರ್ಥವು ಬಾಧಿತವಾಗಿ ಲಕ್ಷಣೆ ಹೊರಡುವುದೆಂದು ಆಲಂಕಾರಿಕರು ಹೇಳುವ ಸ್ಥಳವೇ ಇದು. ಆ ರಂಗಿನ ಎಕ್ಕ ತನ್ನಲ್ಲಿದೆ, ಇಲ್ಲವೆ ಆ ರಂಗಿನ ಎಲೆಯೇ ತನ್ನಲ್ಲಿಲ್ಲ, ಹೇಗಾದರೂ ಮೊದಲ ಸುತ್ತನ್ನೇ ತಡೆಯಬಲ್ಲೆನೆಂಬುದು ತಾತ್ಪರ್ಯ. ಇನ್ನೂ ರಮ್ಯವಾದ ಸಂಗತಿಯೆಂದರೆ, ಅವನು ಕಳಾವರನ್ನು ದಾಟಿ ‘ನಾಲ್ಕು ಡೈಮಂಡ್’ ಎಂದರೆ, ಕಳಾವರಿನಲ್ಲಿ ತನಗೆ ಹಿಡಿತವಿಲ್ಲವೆಂದು ಹೇಳದೆಯೇ ಹೇಳಿದಂತಾಯಿತು.

ಈ ಭಾಷೆಯ ನೀತಿಯು ವಿಚಿತ್ರವಾದುದು. ಇಲ್ಲಿ ಸುಳ್ಳಿಗೆ ನಿಷೇಧವಿಲ್ಲ. ಗುಟ್ಟಿಗೆ ಮಾತ್ರ ನಿಷೇಧ. ಇಲ್ಲದ ಎಲೆಯನ್ನು ಇದೆಯೆಂದು ಕೂಗಬಹುದು. ಆದರೆ ಪ್ರತಿಪಕ್ಷದವರಷ್ಟೇ ಜೊತೆಗಾರನೂ ಅದರಿಂದ ಮೋಸಹೋಗುವಂತಿರಬೇಕು. ಕೂಗಿನ ಅರ್ಥವನ್ನು ಎದುರಾಳಿಯು ಕೇಳಿದರೆ, ಕೂಗಿದವನ ಜೊತೆಗಾರನು ತಮ್ಮೊಳಗಿನ ಒಪ್ಪಂದವನ್ನು ಬಿಚ್ಚಿ ಹೇಳಲೇಬೇಕು. ಮನುಷ್ಯನು ಈ ನೀತಿಯನ್ನು ಸರಿಯಾಗಿ ಪಾಲಿಸಿದನೆನ್ನುವಂತಿಲ್ಲ. 1965ರಲ್ಲಿ ಬ್ಯೂನಸ್ ಐರಿಸ್ ನಗರದ ವಿಶ್ವಸ್ಪರ್ಧೆಯಲ್ಲಿ ಬ್ರಿಟನ್ನಿನ ಜೋಡಿಯೊಂದು ಬೆರಳುಗಳಿಂದ ಎಲೆಗಳ ಲೆಕ್ಕವನ್ನು ಸೂಚಿಸಿತೆಂಬ ಆರೋಪ ಹುಟ್ಟಿ, ಮರುವರ್ಷ ಬ್ರಿಟನ್ನಿನಲ್ಲಿ ನಡೆದ ವಿಚಾರಣೆಯು ಅದನ್ನು ತಳ್ಳಿಹಾಕಿತು. 1975ರ ಸ್ಪರ್ಧೆಯಲ್ಲಿ ಜೊತೆಗಾರರು ಒಬ್ಬರನ್ನೊಬ್ಬರು ಕಾಣದಂತೆ ಮೇಜಿನ ಮೇಲೆ ಪರದೆಯನ್ನು ನಿಲ್ಲಿಸಲಾಯಿತು. ಮೇಜಿನ ಕೆಳಗೆ ಕಾಲು ತಾಗಿಸಿದರೆಂಬ ದೂರು ಆ ಸ್ಪರ್ಧೆಯಲ್ಲಿಯೇ ಬಂದಿತು!

ಗಣಕಯಂತ್ರಗಳೂ ಈ ಆಟಕ್ಕಿಳಿದು, 1997ರಿಂದ ಅವುಗಳಿಗೂ ಒಂದು ವಿಶ್ವಸ್ಪರ್ಧೆ ಏರ್ಪಟ್ಟಿದೆ. ಯಂತ್ರಕ್ಕೆ ಬೆರಳಿಲ್ಲ, ಕಾಲಿಲ್ಲ, ಮುಖದಲ್ಲಿ ಕಳವಳವಿಲ್ಲ. ಆದುದರಿಂದ ಅದಕ್ಕಿಂತ ಶುದ್ಧನಾದ ಆಟಗಾರನು ಬೇರಿಲ್ಲವೆಂಬುದು ಪೂರ್ವಪಕ್ಷ. ಇದು ಮೂಗನಿಗೆ ಮೌನವ್ರತದ ಪುಣ್ಯವನ್ನು ಕಟ್ಟಿಕೊಟ್ಟಂತೆಯೇ ಸರಿ.

ಅದಿರಲಿ, ಯಂತ್ರವು ಕೂಗನ್ನು ಆರಿಸುವ ಬಗೆಯನ್ನು ನೋಡಬೇಕು. ಗಿನ್ಸ್‌ಬರ್ಗ್ ಎಂಬ ವಿದ್ವಾಂಸನು ರಚಿಸಿದ ಜಿಐಬಿ ಎಂಬ ಯಂತ್ರಕ್ರಮವು, ಅದುವರೆಗಿನ ಕೂಗುಗಳಿಗೆ ಹೊಂದುವಂತೆ ಕಾಣದ ಕೈಗಳನ್ನು ಮತ್ತೆ ಮತ್ತೆ ಕಲ್ಪಿಸಿಕೊಂಡು ಹಂಚಿ, ಯಾವ ಕೂಗಿನಿಂದ ಸರಾಸರಿಯಲ್ಲಿ ಹೆಚ್ಚು ಲಾಭವೋ ಅದನ್ನು ಆಯುತ್ತದೆ. ತಾನು ಕಂಡುದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನು. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಸಮಾನವೆಂದು ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಉದಾರವಾಗಿಯೇ ಒಪ್ಪಿದ್ದಾನೆ. ಆದರೂ ಯಂತ್ರವು ಆ ಪಂಕ್ತಿಯಲ್ಲಿ ಕೂರಲಾರದು. ಅದಕ್ಕೆ ತಿಳಿಸಬೇಕೆಂಬ ಇಚ್ಛೆಯಿಲ್ಲ, ಲೆಕ್ಕವಿದೆ. ಲೆಕ್ಕ ಸರಿಬಂದರೆ, ಎಕ್ಕವಿಲ್ಲದ ರಂಗಿನಲ್ಲಿಯೂ ಅದು ಕ್ಯೂ ಬಿಡ್ ಕೂಗೀತು.

ಸುಳ್ಳು ನಿಷಿದ್ಧವಲ್ಲವಾದ್ದರಿಂದ ಇದನ್ನು ಸಹಿಸಬಹುದು. ಸಹಿಸಲಾಗದುದು ಬೇರೊಂದಿದೆ. ಯಂತ್ರಗಳ ಸ್ಪರ್ಧೆಯಲ್ಲಿ ಜೊತೆಗಾರನೂ ಅದೇ ಯಂತ್ರಕ್ರಮದ ಇನ್ನೊಂದು ಪ್ರತಿ. ಯಾರೂ ಕಲಿಸದೆ ತನ್ನೊಡನೆ ತಾನೇ ಆಡಿ ಕಲಿತ ಯಂತ್ರವೊಂದು ಹೀಗೆ ಎರಡಾಗಿ ಕುಳಿತು ‘ನಾಲ್ಕು ಕಳಾವರ್’ ಎಂದರೆ, ಅದರ ಅರ್ಥ ಯಾವ ಕಾಗದದಲ್ಲಿಯೂ ಬರೆದಿರುವುದಿಲ್ಲ. ಎದುರಾಳಿ ಕೇಳಿದಾಗ, ಮನುಷ್ಯನಾದರೆ ‘ಈ ಕೂಗಿನ ವಿಷಯದಲ್ಲಿ ನಮ್ಮೊಳಗೆ ಒಪ್ಪಂದವಿಲ್ಲ’ ಎಂದು ನಿಜವಾಗಿಯೇ ಹೇಳಬಹುದು. ಆ ಎರಡನೆಯ ಪ್ರತಿಯ ಬಾಯಲ್ಲಿ ಅದೇ ಮಾತು ಅಸತ್ಯವಾಗುತ್ತದೆ. ಏಕೆಂದರೆ ಒಂದೇ ಬುದ್ಧಿ ಎರಡು ಪೀಠಗಳಲ್ಲಿದೆ. ವಂಚಿಸುವ ಸಂಕಲ್ಪವಿಲ್ಲದೆಡೆಯಲ್ಲಿ ದೋಷವೆಲ್ಲಿಯದೆಂದು ಕೇಳಬಹುದು. ಸಂಕಲ್ಪವಿಲ್ಲದಿದ್ದರೂ ಗುಟ್ಟು ಗುಟ್ಟೇ. ಕೇಳಿದವನಿಗೆ ಉತ್ತರ ಸಲ್ಲಬೇಕಾದ ಋಣ ತೀರಲಿಲ್ಲ. ಆ ಋಣವನ್ನು ಯಂತ್ರದ ತಲೆಗೆ ಕಟ್ಟುವುದು ಹಾಸ್ಯಾಸ್ಪದ. ಯಂತ್ರವನ್ನು ಮಾಡಿ ಮೇಜಿಗೆ ಕಳುಹಿಸಿದವನೇ ಅದನ್ನು ಹೊರಬೇಕು.

2022ರ ಮಾರ್ಚಿಯಲ್ಲಿ ಪ್ಯಾರಿಸ್ಸಿನಲ್ಲಿ ನೂಕ್ ಎಂಬ ಯಂತ್ರಕ್ರಮವು ಎಂಟು ಮಂದಿ ವಿಶ್ವವಿಜೇತರೆದುರು ಆಡಿ, 80 ಪಂದ್ಯಗಳಲ್ಲಿ 67ನ್ನು ಗೆದ್ದಿತು. ಗೆಲುವೇನೋ ದೊಡ್ಡದೇ. ಆದರೆ ಅಲ್ಲಿ ಎಲ್ಲ ಆಟಗಳಿಗೂ ‘ಮೂರು ನೋ ಟ್ರಂಪ್’ ಎಂಬ ಪಣವನ್ನು ಮೊದಲೇ ಗೊತ್ತುಮಾಡಿ, ಕೂಗಾಟವನ್ನು ಪೂರ್ತಿಯಾಗಿ ಬಿಟ್ಟಿದ್ದರು. ಕೂಗಿನ ಅರ್ಥವೇನೆಂದು ಅಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.